ಕಲ್ಲಿನಡಿ ತೂತು, ತೂತಿನೊಳಗೆ ತೊಟ್ಟಿಲು: ಬೆಟ್ಟದ ಬೆವರು ಜೇನು ಗೂಡು ಮಾಡೋ ಲೆಕ್ಕಾಚಾರ

ಅಕ್ಕನ ಮಗಳು ಡೆನ್ವರ್‌ನಲ್ಲಿದಾಳೆ. ಜುಲೈ ರಜೆಗೆ ಅಂತ ಗಂಡ ಮಕ್ಕಳ ಜೊತೆ ಕೊಲೊರಾಡೊದ ರಾಕಿ ಬೆಟ್ಟಗಳ ಮೇಲೆ, ಕ್ರೆಸ್ಟೆಡ್ ಬ್ಯೂಟ್ ಅನ್ನೋ ಊರಿನ ಹತ್ರ ಒಂದು ಮರದ ಮನೆ ಬಾಡಿಗೆಗೆ ತಗೊಂಡಿದ್ಲು. ಎರಡನೇ ದಿನ ವಾಟ್ಸಾಪಲ್ಲಿ ಒಂದು ಫೋಟೋ ಬಂತು, ಹಿಂದೇನೇ ಮೆಸೇಜು: "ಮಾಮ, ಮೆಟ್ಟಿಲ ಪಕ್ಕ ಮಣ್ಣಲ್ಲಿ ಇಂಥ ತೂತು ಇಪ್ಪತ್ತಾದ್ರೂ ಇವೆ. ಜೇನಿನ ಥರದ್ದೇನೋ ಒಳಗೆ ಹೋಗಿ ಬಂದು ಮಾಡ್ತಿದೆ. ನಿನ್ನೆ ಚಿಕ್ಕೋನ ಕೈ ಮೇಲೂ ಕೂತಿತ್ತು. ಬಿಸಿನೀರು ಹುಯ್ದ್ರೆ ಹೋಗತ್ತಾ, ಇಲ್ಲಾ ಸ್ಪ್ರೇ ತರ್ಲಾ?"

ಫೋಟೋ ದೊಡ್ಡದು ಮಾಡಿ ನೋಡ್ದೆ. ಅಂಗೈ ಅಗಲದ ಒಂದು ಚಪ್ಪಟೆ ಕಲ್ಲು, ಅದರ ಅಂಚಿಗೆ ಅಂಟಿಕೊಂಡ ಹಾಗೆ ಪೆನ್ಸಿಲ್‌ಗಿಂತ ಸಣ್ಣ ದಪ್ಪದ ಒಂದು ತೂತು, ಸುತ್ತ ಜರಡಿ ಹಿಡಿದ ಹಾಗಿರೋ ಪುಡಿಮಣ್ಣು. ತೂತಿನ ಬಾಯಲ್ಲಿ ಕೆಂಗಂದು ಬಣ್ಣದ ಒಂದು ಸೆಂಟಿಮೀಟರ್ ಉದ್ದದ ಜೀವ, ಹೊಟ್ಟೆ ಮೇಲೆ ತೆಳುವಾಗಿ ಬಿಳಿ ಪಟ್ಟಿ, ಹಿಂಗಾಲೆರಡಕ್ಕೂ ಅರಿಶಿನ ಮೆತ್ತಿಕೊಂಡ ಹಾಗೆ ಪರಾಗ. "ಸ್ಪ್ರೇ ಬೇಡ, ಎರಡು ದಿನ ತಡಿ, ಬರೆದು ಕಳಿಸ್ತೀನಿ" ಅಂದೆ. ಬರೀತಾ ಬರೀತಾ ಇಷ್ಟುದ್ದ ಆಯ್ತು, ಅವಳೊಬ್ಬಳಿಗೇ ಯಾಕೆ ಅಂತ ಇಲ್ಲಿ ಹಾಕ್ತಿದೀನಿ.

ಮೊದಲು, ಬೆವರು ಜೇನು ಅಂದ್ರೆ ಯಾವ್ದು?

ಜೇನು ಅಂದ ಕೂಡ್ಲೆ ನಮ್ಮ ತಲೆಗೆ ಬರೋದು ಹೆಜ್ಜೇನು, ತುಡುವೆ, ಕೋಲುಜೇನು, ಹೆಚ್ಚಂದ್ರೆ ಗೋಡೆ ಸಂದಿಯ ಮುಜಂಟಿ. ಎಲ್ಲಾ ಗುಂಪಾಗಿ ಇರೋವು, ತುಪ್ಪ ಕೂಡಿಡೋವು, ರಾಣಿ ಇರೋವು. ಹಾಗಾಗಿ ಜೇನು ಅಂದ್ರೆ ಹೀಗೇ ಅಂತ ನಾವು ಅಂದ್ಕೊಂಡುಬಿಟ್ಟಿದೀವಿ. ಆದ್ರೆ ಪ್ರಪಂಚದಲ್ಲಿ ಜೇನಿನ ಜಾತಿ 20,000ಕ್ಕೂ ಹೆಚ್ಚಿವೆ, ಅದರಲ್ಲಿ ಬಹುಪಾಲಿಗೆ ಎರಿಯೂ ಇಲ್ಲ, ತುಪ್ಪವೂ ಇಲ್ಲ, ರಾಣಿಯೂ ಇಲ್ಲ. ಒಂದೊಂದು ಹೆಣ್ಣೂ ತನ್ನ ಪಾಡಿಗೆ ತಾನು ಗೂಡು ಮಾಡಿ, ಮೊಟ್ಟೆ ಇಟ್ಟು, ಸಾಯೋದು. ನಮ್ಮ ಕಣ್ಣಿಗೆ ಬೀಳೋ ಸಣ್ಣಪುಟ್ಟ "ನೊಣ"ಗಳಲ್ಲಿ ಎಷ್ಟೋ ಇಂಥ ಜೇನುಗಳೇ.

ಇವುಗಳಲ್ಲಿ ಒಂದು ದೊಡ್ಡ ಕುಟುಂಬ ಹ್ಯಾಲಿಕ್ಟಿಡೇ ಅಂತ, ಸುಮಾರು 4,500 ಜಾತಿ. ಇಂಗ್ಲಿಷ್ ಮಾತಾಡೋರು ಇವನ್ನ ಸ್ವೆಟ್ ಬೀ ಅಂತಾರೆ, ನಾವು ಬೆವರು ಜೇನು ಅನ್ನೋಣ. ಇದರಲ್ಲಿ ಸುಮಾರು ಜಾತಿಗಳು ಬೆವರಿದ ಮೈ ಮೇಲೆ ಬಂದು ಕೂತು ನೆಕ್ತಾವೆ, ಬೆವರಲ್ಲಿರೋ ಉಪ್ಪಿಗಾಗಿ. ಚಿಕ್ಕೋನ ಕೈ ಮೇಲೆ ಕೂತಿದ್ದೂ ಅದಕ್ಕೇ, ಕಚ್ಚೋಕಲ್ಲ. ಒತ್ತಿ ಹಿಡಿದ್ರೆ ಹೆಣ್ಣು ಚುಚ್ಚತ್ತೆ ನಿಜ, ಆದ್ರೆ ಕೀಟಗಳ ಕಡಿತದ ನೋವಿಗೆ 1ರಿಂದ 4ರವರೆಗೆ ಅಂಕ ಕೊಟ್ಟ ಜಸ್ಟಿನ್ ಶ್ಮಿಟ್ ಅನ್ನೋ ಅಮೆರಿಕದ ವಿಜ್ಞಾನಿ ಬೆವರು ಜೇನಿಗೆ ಕೊಟ್ಟಿದ್ದು ಬರೀ 1. ಗಂಡಿಗೆ ಮುಳ್ಳೇ ಇಲ್ಲ.

ಅವಳ ಫೋಟೋಲಿ ಇದ್ದದ್ದರ ಬಣ್ಣ, ಪಟ್ಟಿ, ಜಾಗ ಎಲ್ಲಾ ಹ್ಯಾಲಿಕ್ಟಸ್ ರುಬಿಕುಂಡಸ್ ಅನ್ನೋ ಜಾತಿಗೆ ಹೊಂದತ್ತೆ (ಸೂಕ್ಷ್ಮದರ್ಶಕದಡಿ ಇಡದೆ ಬೆವರು ಜೇನಿನ ಜಾತಿ ಖಚಿತ ಮಾಡೋದು ಕಷ್ಟ, ಫೋಟೋ ನೋಡಿ ಆಣೆ ಮಾಡೋಕೆ ಹೋಗಲ್ಲ). ರುಬಿಕುಂಡಸ್ ಅಂದ್ರೆ ಕೆಂಪಗಿರೋದು ಅಂತ. 1791ರಲ್ಲಿ ಇದಕ್ಕೆ ಹೆಸರಿಟ್ಟೋನು ಕ್ರಿಸ್ಟ್ ಅನ್ನೋ ಜರ್ಮನಿಯ ಪಾದ್ರಿ, ಸ್ವತಃ ಜೇನು ಸಾಕ್ತಿದ್ದೋನು. ಯುರೋಪು, ಏಷ್ಯಾದ ತಂಪು ಭಾಗ, ಉತ್ತರ ಅಮೆರಿಕ ಎಲ್ಲಾ ಕಡೆ ಇದೆ. ಇದರ ಮೇಲೆ ವಿಜ್ಞಾನಿಗಳಿಗೆ ಯಾಕಷ್ಟು ಪ್ರೀತಿ ಅಂತ ಮುಂದೆ ಗೊತ್ತಾಗತ್ತೆ, ಯಾಕಂದ್ರೆ ಈ ಒಂದೇ ಜಾತಿ ಕೆಳಗಿನ ಊರಲ್ಲಿ ಒಂದು ಥರ ಬದುಕತ್ತೆ, ಬೆಟ್ಟದ ಮೇಲೆ ಇನ್ನೊಂದು ಥರ.

ಮರ ಬಿಟ್ಟು ಮಣ್ಣಲ್ಲಿ ಯಾಕೆ?

ಇದು ಅಪರೂಪ ಅಂದ್ಕೋಬೇಡಿ. ಜೇನುಗಳಲ್ಲಿ ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚು ಜಾತಿಗಳು ನೆಲದಲ್ಲೇ ಗೂಡು ಮಾಡೋದು. ಮರದಲ್ಲಿ ನೇತಾಡೋ ಎರಿ ನಮ್ಮ ಕಣ್ಣಿಗೆ ರಾಚತ್ತೆ, ನೆಲದ ತೂತನ್ನ ಇರುವೆ ಗೂಡು ಅಂತ ದಾಟಿಕೊಂಡು ಹೋಗ್ತೀವಿ, ಅಷ್ಟೇ ವ್ಯತ್ಯಾಸ.

ಮಣ್ಣಿನ ಲಾಭ ಅಂದ್ರೆ ಅದು ಬೇಗ ಬಿಸಿ ಆಗಲ್ಲ, ಬೇಗ ತಣ್ಣಗೂ ಆಗಲ್ಲ. ಮೇ ತಿಂಗಳ ಮಧ್ಯಾಹ್ನ ಹೊರಗೆ ಕಾಲಿಡೋಕಾಗದೇ ಇದ್ದಾಗ ಮಣ್ಣಿನ ಗೋಡೆ ಮನೆ ಒಳಗೆ ತಂಪಿರತ್ತಲ್ಲ, ಅದೇ ಗೋಡೆ ಡಿಸೆಂಬರ್ ರಾತ್ರಿ ಬೆಚ್ಚಗಿಡತ್ತಲ್ಲ, ಹಾಗೆ. ಮರಿ ಬೆಳೆಯೋಕೆ ಒಂದೇ ಸಮ ಬೆಚ್ಚಗಿರೋ ಜಾಗ ಬೇಕು. ನಮ್ಮ ತುಡುವೆ ಜೇನಾದ್ರೆ ಸಾವಿರಾರು ಮೈಗಳು ಒತ್ತಿ ಕೂತು ಗೂಡನ್ನ ಬೆಚ್ಚಗಿಡ್ತಾವೆ. ಒಂಟಿ ಹೆಣ್ಣಿಗೆ ಆ ಸೌಲಭ್ಯ ಇಲ್ಲ, ಸೂರ್ಯ ಮಣ್ಣಿಗೆ ಕೊಟ್ಟ ಶಾಖಾನೇ ಇದಕ್ಕೆ ಒಲೆ.

ಹಾಗಾಗಿ ಈ ಜೇನಿಗೆ ಗೂಡು ಅಂದ್ರೆ ಮನೆ ಅನ್ನೋದಕ್ಕಿಂತ ಬಿಸಿಲಿನ ಲೆಕ್ಕ. ಎಲ್ಲಿ ತೋಡ್ಬೇಕು, ಎಷ್ಟು ಆಳ, ಯಾವಾಗ, ಎಷ್ಟು ಮರಿ, ಎಲ್ಲಾ ಆ ಒಂದು ಲೆಕ್ಕದ ಮೇಲೇ ನಿಂತಿದೆ.

ಜಾಗ ಹುಡುಕೋದು

ಮೊದಲನೇ ಷರತ್ತು ಇಳಿಜಾರು, ಅದೂ ದಕ್ಷಿಣಕ್ಕೆ ಮುಖ ಮಾಡಿರೋದು. ಉತ್ತರ ದಿಕ್ಕಿನ ದೇಶಗಳಲ್ಲಿ ಸೂರ್ಯ ಸದಾ ದಕ್ಷಿಣಕ್ಕೆ ವಾಲಿಕೊಂಡೇ ಇರ್ತಾನೆ, ಹಾಗಾಗಿ ದಕ್ಷಿಣದ ಇಳಿಜಾರಿಗೆ ಬಿಸಿಲು ನೇರವಾಗಿ ಬೀಳತ್ತೆ, ಹಿಮ ಅಲ್ಲೇ ಮೊದಲು ಕರಗತ್ತೆ, ಮಳೆ ಬಂದ್ರೆ ನೀರೂ ನಿಲ್ಲಲ್ಲ. ಎರಡನೇದು ಬರಿ ಮಣ್ಣು. ಹುಲ್ಲು ದಟ್ಟವಾಗಿದ್ರೆ ಬೇರು ಅಡ್ಡ, ನೆರಳು ಬೇರೆ. ಕಾಲುದಾರಿ ಅಂಚು, ಮನೆ ಮೆಟ್ಟಿಲ ಪಕ್ಕ, ಕುಸಿದ ದಂಡೆ ಇವೆಲ್ಲ ಇದಕ್ಕೆ ಸೈಟು. ಮನುಷ್ಯರ ಕಾಲಬುಡದಲ್ಲೇ ಯಾಕೆ ಬರ್ತಾವೆ ಅನ್ನೋದಕ್ಕೆ ಇಷ್ಟೇ ಕಾರಣ, ಹುಲ್ಲಿಲ್ಲದ ಬಿಸಿಲು ಜಾಗ ಮಾಡಿಕೊಡೋರು ನಾವೇ.

ಮೂರನೇದು ಮಣ್ಣಿನ ಹದ. ಸೈಮನ್ ಪಾಟ್ಸ್ ಮತ್ತೆ ಪ್ಯಾಟ್ ವಿಲ್ಮರ್ ಅನ್ನೋ ಇಬ್ರು ಸ್ಕಾಟ್ಲೆಂಡ್‌ನಲ್ಲಿ ಇದೇ ಜಾತಿ ಮೇಲೆ ಕೆಲಸ ಮಾಡಿ 1997ರಲ್ಲಿ ಬರೆದಿದ್ರು: ಮಣ್ಣಿನ ಬಿಸಿ, ಗಟ್ಟಿತನ, ಇಳಿಜಾರು, ಇವೆಲ್ಲ ನೋಡಿ ಆರಿಸತ್ತೆ ಅಂತ. ತೀರಾ ಗಟ್ಟಿ ಇದ್ರೆ ತೋಡೋಕೇ ದಿನಗಟ್ಟಲೆ ಹೋಗತ್ತೆ, ತೀರಾ ಸಡಿಲ ಇದ್ರೆ ಸುರಂಗ ಕುಸಿಯತ್ತೆ. ಬಾವಿ ತೋಡೋರಿಗೆ ಹೇಳಿಕೊಡ್ಬೇಕಾಗಿಲ್ಲ.

ನಾಲ್ಕನೇದೇ ನನಗೆ ತುಂಬಾ ಇಷ್ಟ ಆಗಿದ್ದು, ಅದು ಕಲ್ಲು. ಅಮೆರಿಕದ ಯೂಟಾ ರಾಜ್ಯದ ಲೋಗನ್ ಊರಲ್ಲಿ ಸರ್ಕಾರದ ಜೇನು ಸಂಶೋಧನಾಲಯ ಇದೆ, ಅಲ್ಲಿನ ಜಿಮ್ ಕೇನ್ ಅನ್ನೋರು 2015ರಲ್ಲಿ ಒಂದು ಸರಳ ವಿಷಯ ತೋರಿಸಿದ್ರು. ತೋಟದ ಅಲಂಕಾರಕ್ಕೆ ಹಾಕ್ತಾರಲ್ಲ ಬೆಣಚುಕಲ್ಲು, ಅದನ್ನ ಬರಿ ಮಣ್ಣಿನ ಮೇಲೆ ಹರಡಿದ್ರೆ ಈ ಜೇನುಗಳು ಆ ಕಲ್ಲುಗಳ ಸಂದಿಯಲ್ಲೇ ಬಂದು ಗೂಡು ತೋಡ್ತಾವೆ. ಯಾಕಿರಬಹುದು ಅಂತ ನಮ್ಮ ಅನುಭವದಿಂದಲೇ ಯೋಚ್ನೆ ಮಾಡಿ. ಸಂಜೆ ಹೊತ್ತು ಅಂಗಳದ ಚಪ್ಪಡಿ ಮೇಲೆ ಕೂತ್ರೆ ಇನ್ನೂ ಬೆಚ್ಚಗಿರತ್ತೆ, ಬೇಸಿಗೇಲಿ ತೋಟದ ಕಲ್ಲು ಎತ್ತಿ ನೋಡಿದ್ರೆ ಅಡಿ ಮಣ್ಣು ಇನ್ನೂ ಹಸಿ ಇರತ್ತೆ. ಬಿಸಿಯೂ ಸಿಕ್ತು, ತೇವವೂ ಸಿಕ್ತು, ಜೊತೆಗೆ ಬಾಗಿಲು ಕಲ್ಲಿನ ಅಂಚಲ್ಲಿ ಮರೆ. ಕಲ್ಲು ಒಂಥರಾ ಗುರುತೂ ಹೌದು. ಹತ್ತಾರು ಒಂದೇ ಥರದ ತೂತುಗಳ ಮಧ್ಯೆ ತನ್ನದ್ಯಾವ್ದು ಅಂತ ಈ ಜೇನುಗಳು ಸುತ್ತಲಿನ ಗುರುತು ನೋಡೇ ಪತ್ತೆ ಹಚ್ಚೋದು, ಹೊರಡೋಕೆ ಮುಂಚೆ ಗೂಡಿನ ಮುಂದೆ ಆ ಕಡೆ ಈ ಕಡೆ ತೇಲಾಡಿ ಜಾಗ ಮನಸ್ಸಿಗೆ ತಗೊಳ್ತಾವೆ. ಹಾಗಾಗಿ ಕಲ್ಲು ಸರಿಸಿಬಿಟ್ರೆ ವಾಪಸ್ ಬಂದ ಜೇನು ಬಾಗಿಲು ಸಿಗದೆ ತಡಕಾಡತ್ತೆ.

ಒಂದೇ ಜಾಗದಲ್ಲಿ ಇಪ್ಪತ್ತು ಮೂವತ್ತು ತೂತು ಇದ್ರೆ ಅದು ಒಂದು ಗೂಡಲ್ಲ, ಒಂದು ಬೀದಿ. ಪ್ರತಿ ತೂತಿಗೂ ಬೇರೆ ಒಡತಿ. ಹುಟ್ಟಿದ ಜಾಗದ ಸುತ್ತಲೇ ಮತ್ತೆ ಗೂಡು ಮಾಡೋ ಅಭ್ಯಾಸ ಇರೋದ್ರಿಂದ ಬೀದಿ ವರ್ಷಾನುವರ್ಷ ಅಲ್ಲೇ ಇರತ್ತೆ.

ತೂತಿನ ಒಳಗೆ ಏನಿದೆ?

ವಸಂತದಲ್ಲಿ ನೆಲ ಬೆಚ್ಚಗಾದ ಕೂಡ್ಲೆ ಒಂಟಿ ಹೆಣ್ಣು ಅಗೆಯೋಕೆ ಶುರು ಮಾಡತ್ತೆ. ದವಡೆಯಲ್ಲಿ ಮಣ್ಣು ಕೆರೆದು, ಕಾಲಲ್ಲಿ ಹಿಂದಕ್ಕೆ ತಳ್ಳಿ, ಹಿಮ್ಮುಖವಾಗಿ ಬಂದು ಹೊರಗೆ ಹಾಕೋದು. ಬಾಯಿ ಸುತ್ತ ಇರೋ ಪುಡಿಮಣ್ಣಿನ ಗುಪ್ಪೆ ಅದೇ. ಒಳಗೆ ಹೆಚ್ಚುಕಮ್ಮಿ ನೇರ ಕೆಳಕ್ಕೆ ಒಂದು ಸುರಂಗ, ಅದರಿಂದ ಪಕ್ಕಕ್ಕೆ ಒಂದೊಂದೇ ಕೋಣೆ. ಮರಿಯ ಕೋಣೆಗಳು ಸಾಧಾರಣ ಒಂದು ಗೇಣಿನೊಳಗೇ ಇರ್ತಾವೆ, ಅದಕ್ಕಿಂತ ಆಳಕ್ಕೆ ಹೋದ್ರೆ ಬೆಟ್ಟದ ಮಣ್ಣು ತಣ್ಣಗೆ.

ಈಗ ಒಂದು ಕೋಣೆಯನ್ನ ಹತ್ತಿರದಿಂದ ನೋಡೋಣ. ಆಕಾರ ಮಲಗಿಸಿದ ಪುಟ್ಟ ಮೊಟ್ಟೆಯ ಹಾಗೆ, ತಳ ಸ್ವಲ್ಪ ಚಪ್ಪಟೆ. ತೋಡಿ ಆದ್ಮೇಲೆ ತಾಯಿ ಅದರ ಗೋಡೆಗೆ ನಯವಾದ ಮಣ್ಣು ಮೆತ್ತತ್ತೆ, ಆಮೇಲೆ ತನ್ನ ಹಿಂಬದಿ ತುದೀಲಿರೋ ಒಂದು ಗಟ್ಟಿ ಚಪ್ಪಟೆ ಬಿಲ್ಲೆಯಿಂದ ಅದನ್ನ ತಟ್ಟಿ ತಟ್ಟಿ ಗಟ್ಟಿ ಮಾಡತ್ತೆ. ಹಳೇ ಮನೆಗಳಲ್ಲಿ ಮಣ್ಣಿನ ನೆಲ ಬಡಿದು ಸಗಣಿ ಸಾರಿಸ್ತಿದ್ರಲ್ಲ, ಅದೇ ಕ್ರಮ. ಸಾರಿಸೋದೂ ಉಂಟು: ಹೊಟ್ಟೆಯಲ್ಲಿರೋ ಒಂದು ಗ್ರಂಥಿಯಿಂದ ಬರೋ ಎಣ್ಣೆಯಂಥ ದ್ರವವನ್ನ ಗೋಡೆ ತುಂಬಾ ಬಳಿಯತ್ತೆ, ಅದು ಒಣಗಿ ಹೊಳೆಯೋ ಪದರ ಆಗತ್ತೆ. ಮಣ್ಣು ಮಳೇಲಿ ನೆನೆದ್ರೂ ಆ ಪದರ ದಾಟಿ ನೀರು ಒಳಗೆ ಬರಲ್ಲ, ಒಳಗಿನ ತೇವ ಹೊರಗೂ ಹೋಗಲ್ಲ, ಬೂಷ್ಟಿನ ಕಾಟವೂ ಕಮ್ಮಿ. ವಾಟರ್‌ಪ್ರೂಫಿಂಗ್ ಮಾಡ್ಸಿ ಎರಡೇ ವರ್ಷಕ್ಕೆ ತಾರಸಿ ಸೋರೋ ಮನೇಲಿ ಕೂತು ಇದನ್ನ ಬರೆಯುವಾಗ ಸ್ವಲ್ಪ ಹೊಟ್ಟೆಕಿಚ್ಚೇ ಆಯ್ತು.

ಕೋಣೆ ರೆಡಿ ಆದ್ಮೇಲೆ ಹೂವಿಂದ ಹೂವಿಗೆ ಓಡಾಟ. ಹಿಂಗಾಲಿನ ಕೂದಲಲ್ಲಿ ಒಣ ಪರಾಗ, ಹೊಟ್ಟೇಲಿ ಮಕರಂದ. ಎಷ್ಟೋ ಸಲ ಹೋಗಿ ಬಂದು ಕೋಣೇಲಿ ರಾಶಿ ಹಾಕಿ, ಮಕರಂದ ಸೇರಿಸಿ ನಾದಿ, ಕಾಳುಮೆಣಸಿನ ಗಾತ್ರದ ಒಂದು ಉಂಡೆ ಕಟ್ಟತ್ತೆ. ಉಂಡೆ ಮೇಲೆ ಬಿಳೀ, ಬಾಗಿದ ಒಂದೇ ಒಂದು ಮೊಟ್ಟೆ. ಆಮೇಲೆ ಬಾಗಿಲಿಗೆ ಮಣ್ಣು. ಮರಿ ಮೊಟ್ಟೆಯಿಂದ ಬಂದು, ಆ ಉಂಡೆ ಪೂರ್ತಿ ತಿಂದು, ಪ್ಯೂಪಾ ಆಗಿ, ರೆಕ್ಕೆ ಬಂದು ಹೊರಡೋವರೆಗೂ ಬೇಕಾದಷ್ಟು ಊಟ ಒಂದೇ ಸಲಕ್ಕೆ ಕಟ್ಟಿಕೊಟ್ಟ ಬುತ್ತಿ ಅದು. ಒಳ್ಳೆ ಬಿಸಿಲಿದ್ರೆ ಸಾಧಾರಣ ದಿನಕ್ಕೊಂದು ಕೋಣೆ ಮುಗಿಯತ್ತೆ. ಮೋಡ ಕವಿದ್ರೆ, ಬೆಟ್ಟದಲ್ಲಿ ಮಧ್ಯಾಹ್ನ ಮಧ್ಯಾಹ್ನ ಗುಡುಗು ಮಳೆ ಬರತ್ತಲ್ಲ ಹಾಗೆ ಬಂದ್ರೆ, ಕೆಲಸ ಬಂದ್. ಮೊಟ್ಟೆಯಿಂದ ರೆಕ್ಕೆ ಬರೋವರೆಗೆ ಹೆಚ್ಚುಕಮ್ಮಿ ಒಂದು ತಿಂಗಳು, ನೆಲ ತಣ್ಣಗಿದ್ರೆ ಇನ್ನೂ ಜಾಸ್ತಿ. ಈ ತಿಂಗಳ ಲೆಕ್ಕ ನೆನಪಿಟ್ಕೊಳ್ಳಿ, ಇದರ ಮೇಲೇ ಮುಂದಿನ ಕಥೆ.

ಇನ್ನೊಂದು ಸಣ್ಣ ವಿಷಯ. ಮರಿ ಗಂಡಾಗ್ಬೇಕೋ ಹೆಣ್ಣಾಗ್ಬೇಕೋ ಅನ್ನೋದು ತಾಯಿ ಕೈಲಿದೆ. ಹಿಂದಿನ ವರ್ಷ ಕೂಡಿದ ಗಂಡಿನ ವೀರ್ಯವನ್ನ ಹೊಟ್ಟೆಯೊಳಗೆ ಒಂದು ಪುಟ್ಟ ಚೀಲದಲ್ಲಿ ಇಟ್ಕೊಂಡಿರತ್ತೆ. ಮೊಟ್ಟೆ ಇಡುವಾಗ ಅದನ್ನ ಸೇರಿಸಿದ್ರೆ ಹೆಣ್ಣು, ಸೇರಿಸದೇ ಇದ್ರೆ ಗಂಡು. ಇರುವೆ, ಜೇನು, ಕಣಜ ಎಲ್ಲಕ್ಕೂ ಇದೇ ಪದ್ಧತಿ.

ಕೆಳಗೆ ಎರಡು ಬೆಳೆ, ಮೇಲೆ ಒಂದೇ ಬೆಳೆ

ಈಗ ಅಸಲು ವಿಷಯ. ಇದೇ ಹ್ಯಾಲಿಕ್ಟಸ್ ರುಬಿಕುಂಡಸ್ ಬೆಚ್ಚಗಿರೋ ತಗ್ಗು ಪ್ರದೇಶದಲ್ಲಿ ಏನು ಮಾಡತ್ತೆ ಅಂದ್ರೆ, ವಸಂತದಲ್ಲಿ ತಾಯಿ ಇಟ್ಟ ಮೊದಲ ಕಂತಿನ ಮೊಟ್ಟೆಗಳಿಂದ ಬಹುಪಾಲು ಹೆಣ್ಣುಮಕ್ಕಳು ಬರ್ತಾವೆ, ಅವು ಸ್ವಂತ ಗೂಡು ಮಾಡದೆ ತಾಯಿ ಗೂಡಲ್ಲೇ ಉಳಿದು ದುಡೀತಾವೆ. ಪರಾಗ ತರೋದು, ತೋಡೋದು, ಬಾಗಿಲು ಕಾಯೋದು. ತಾಯಿ ಒಳಗಿದ್ದು ಮೊಟ್ಟೆ ಇಡತ್ತೆ. ಎರಡನೇ ಕಂತು ಬೇಸಿಗೆ ಕೊನೆಗೆ ಹೊರಗೆ ಬರತ್ತೆ, ಅದರಲ್ಲಿ ಮುಂದಿನ ವರ್ಷದ ತಾಯಂದಿರು ಮತ್ತೆ ಗಂಡುಗಳು ಇರ್ತಾವೆ. ಅಂದ್ರೆ ರಾಣಿ, ಕೆಲಸಗಾರರು ಅನ್ನೋ ಸಣ್ಣದೊಂದು ಕೂಡು ಕುಟುಂಬ. ನಮ್ಮ ಹೆಜ್ಜೇನಿನ ಸಾವಿರಗಟ್ಟಲೆ ಸಂಸಾರ ಅಲ್ಲ, ಬೆರಳಲ್ಲಿ ಎಣಿಸೋಷ್ಟು ಜನ.

ಬೆಟ್ಟದ ಮೇಲೆ? ಕೆಲಸಗಾರರೇ ಇಲ್ಲ. ಒಂದೇ ಕಂತು. ತಾಯಿ ಒಬ್ಬಳೇ ದುಡಿದು, ಮಕ್ಕಳು ಹೊರಗೆ ಬಂದು, ಹೆಣ್ಣುಗಳು ಗಂಡುಗಳ ಜೊತೆ ಕೂಡಿ, ನೇರ ಚಳಿಗಾಲದ ನಿದ್ದೆಗೆ. ಕಾರ್ನೆಲ್ ವಿಶ್ವವಿದ್ಯಾಲಯದ ಜಾರ್ಜ್ ಐಕ್‌ವರ್ಟ್ ತಮ್ಮ ಕುಟುಂಬದವರನ್ನೂ ಸೇರಿಸಿಕೊಂಡು ಕೊಲೊರಾಡೊ ರಾಕಿಯ ಎತ್ತರದಲ್ಲಿ ಇದನ್ನ ಗುರುತಿಸಿದ್ರು. ಅವರು 1994ರಲ್ಲಿ ತೀರಿಕೊಂಡ್ರು, ಆ ಲೇಖನ ಅಚ್ಚಾಗಿದ್ದು 1996ರಲ್ಲಿ.

ಯಾಕೆ ಹೀಗೆ ಅನ್ನೋದಕ್ಕೆ ಆ ಜಾಗದ ಹವೆ ಗೊತ್ತಿರಬೇಕು. ಅಕ್ಕನ ಮಗಳು ಇದ್ದ ಮನೆಗೆ ಹತ್ತಿರದಲ್ಲೇ ಗಾಥಿಕ್ ಅನ್ನೋ ಊರಿದೆ, 1880ರ ಆಸುಪಾಸು ಬೆಳ್ಳಿ ಗಣಿಗೆ ಅಂತ ಎದ್ದು, ಬೆಳ್ಳಿ ಮುಗಿದ ಮೇಲೆ ಖಾಲಿ ಬಿದ್ದ ಊರು, 1928ರಿಂದ ಅಲ್ಲಿ ರಾಕಿ ಮೌಂಟನ್ ಬಯಾಲಜಿಕಲ್ ಲ್ಯಾಬೊರೇಟರಿ ನಡೀತಿದೆ. ಎತ್ತರ ಸುಮಾರು 2,900 ಮೀಟರ್. ನಮ್ಮ ಮುಳ್ಳಯ್ಯನಗಿರಿ 1,900 ಚಿಲ್ಲರೆ ಮೀಟರ್, ಅದರ ತುದಿಗಿಂತ ಇನ್ನೂ ಒಂದು ಕಿಲೋಮೀಟರ್ ಮೇಲೆ, ಅದೂ ಎಷ್ಟೋ ಉತ್ತರದಲ್ಲಿ. ಸಾವಿರ ಮೀಟರ್ ಹತ್ತಿದ್ರೆ ಆರೂವರೆ ಡಿಗ್ರಿ ಸೆಲ್ಸಿಯಸ್ ಹತ್ರ ತಂಪಾಗತ್ತೆ ಅನ್ನೋದು ಸಾಧಾರಣ ಲೆಕ್ಕ. ಹಿಮ ಪೂರ್ತಿ ಕರಗೋದೇ ಮೇ, ಕೆಲವು ವರ್ಷ ಜೂನ್. ಸೆಪ್ಟೆಂಬರ್‌ಗೆ ಮತ್ತೆ ರಾತ್ರಿ ನೀರು ಹೆಪ್ಪುಗಟ್ಟೋ ಚಳಿ. ಆ ಮಧ್ಯದ ಸಮಯದಲ್ಲಿ ತೋಡೋದು, ಬುತ್ತಿ ಕಟ್ಟೋದು, ಮರಿ ಬೆಳೆಯೋಕೆ ಒಂದು ತಿಂಗಳೋ ಅದಕ್ಕೂ ಜಾಸ್ತಿಯೋ, ಹೊಸ ಹೆಣ್ಣುಗಳು ಚಳಿಗಾಲಕ್ಕೆ ಮೈಯಲ್ಲಿ ಕೊಬ್ಬು ಮಾಡ್ಕೊಳ್ಳೋದು ಇಷ್ಟೂ ಮುಗೀಬೇಕು. ಎರಡನೇ ಕಂತಿಗೆ ಸಮಯ ಎಲ್ಲಿದೆ?

ನಮ್ಮ ರೈತರ ಭಾಷೇಲಿ ಹೇಳೋದಾದ್ರೆ, ನೀರಾವರಿ ಇದ್ದೋನು ವರ್ಷಕ್ಕೆ ಎರಡು ಬೆಳೆ ತೆಗೀತಾನೆ, ಮೊದಲ ಬೆಳೆಯಿಂದ ಬಂದ ದುಡ್ಡನ್ನ ಎರಡನೇ ಬೆಳೆಗೆ ಹಾಕ್ತಾನೆ. ಮಳೆ ನಂಬಿದ ಹೊಲದೋನಿಗೆ ಒಂದೇ ಬೆಳೆ, ಅದರಲ್ಲಿ ಬಂದಿದ್ದನ್ನ ಮೊದಲು ಬೀಜಕ್ಕೆ ಅಂತ ಎತ್ತಿಡ್ಬೇಕು, ಇಲ್ದಿದ್ರೆ ಮುಂದಿನ ವರ್ಷ ಬಿತ್ತೋಕೇ ಇರಲ್ಲ. ತಗ್ಗಿನ ಜೇನಿಗೆ ಮೊದಲ ಕಂತಿನ ಹೆಣ್ಣುಮಕ್ಕಳು ಎರಡನೇ ಬೆಳೆಗೆ ಹಾಕೋ ಬಂಡವಾಳ. ಬೆಟ್ಟದ ಜೇನಿಗೆ ಇರೋ ಒಂದೇ ಕಂತು ಪೂರ್ತಿ ಬೀಜದ ಕಾಳು.

ಈ ಪದ್ಧತಿ ಇದೊಂದೇ ಜಾತಿಗೆ ಸೀಮಿತ ಅಲ್ಲ. ಜಪಾನಿನ ಹೊಕ್ಕೈಡೊ ದ್ವೀಪದಲ್ಲಿ ಲ್ಯಾಸಿಯೊಗ್ಲಾಸಮ್ ಕ್ಯಾಲ್ಸಿಯೇಟಮ್ ಅನ್ನೋ ಇನ್ನೊಂದು ಬೆವರು ಜೇನು ತಗ್ಗಲ್ಲಿ ಕುಟುಂಬ ಮಾಡ್ಕೊಂಡು, ಯೊಕೊತ್ಸು ಬೆಟ್ಟದ ಮೇಲೆ ಒಂಟಿಯಾಗಿ ಬದುಕತ್ತೆ ಅಂತ ಸಕಗಾಮಿ ಮತ್ತೆ ಮುನಕತ ಅನ್ನೋರು 1972ರಲ್ಲೇ ಬರೆದಿದ್ರು.

ಬೆಟ್ಟದ್ದನ್ನ ಕೆಳಗೆ ಬಿಟ್ರೆ?

ಇಲ್ಲೊಂದು ಸಹಜ ಪ್ರಶ್ನೆ ಏಳತ್ತೆ. ಒಂಟಿಯಾಗಿರೋದು ರಕ್ತದಲ್ಲೇ ಇರೋದಾ, ಅಥವಾ ಹವೆ ನೋಡಿ ಆಗೋ ತೀರ್ಮಾನಾನಾ? ಇದಕ್ಕೆ ಉತ್ತರ ಹುಡುಕೋ ದಾರಿ ಒಂದೇ, ಊರು ಬದಲಾಯಿಸಿ ನೋಡೋದು. ಜೆರೆಮಿ ಫೀಲ್ಡ್ ಅನ್ನೋ ವಿಜ್ಞಾನಿ ಮತ್ತೆ ಅವರ ಜೊತೆಗಾರರು ಅದನ್ನೇ ಮಾಡಿ 2010ರಲ್ಲಿ ಪ್ರಕಟಿಸಿದ್ರು. ಇದು ಬೆಟ್ಟ ಅಲ್ಲ, ಬ್ರಿಟನ್ ಕಡೆ, ಆದ್ರೆ ತರ್ಕ ಅದೇ: ಉತ್ತರದ ತಂಪು ಜಾಗದಲ್ಲಿ ಒಂಟಿ, ದಕ್ಷಿಣದ ಬೆಚ್ಚಗಿನ ಜಾಗದಲ್ಲಿ ಕುಟುಂಬ. ಉತ್ತರದ ತಾಯಿ ಜೇನುಗಳನ್ನ ದಕ್ಷಿಣ ಇಂಗ್ಲೆಂಡಿಗೆ ತಂದು ಬಿಟ್ರು. ಒಂಟಿ ವಂಶದ ಆ ತಾಯಂದಿರಲ್ಲಿ ಸುಮಾರು ಜನರ ಹೆಣ್ಣುಮಕ್ಕಳು ಮನೇಲಿ ಉಳಿದು ಕೆಲಸಗಾರರಾದ್ರು! ದಕ್ಷಿಣದ್ದನ್ನ ಉತ್ತರಕ್ಕೆ ಒಯ್ದಾಗ ಒಂಟಿಯಾದ್ವು. ಅಂದ್ರೆ ಎರಡೂ ಥರ ಬದುಕೋ ಸಾಮರ್ಥ್ಯ ಒಳಗೇ ಮಲಗಿತ್ತು, ಬೇಸಿಗೆಯ ಉದ್ದ ಅದನ್ನ ಎಬ್ಬಿಸ್ತು.

ಹಾಗಂತ ಎಲ್ಲಾ ಕಡೆ ಇಷ್ಟೇ ಸಲೀಸು ಅಂದ್ಕೋಬೇಡಿ. ಅದೇ ವರ್ಷ ಬಂದ ಇನ್ನೊಂದು ಅಧ್ಯಯನದಲ್ಲಿ ವಂಶವಾಹಿ ಹೋಲಿಸಿ ನೋಡಿದಾಗ, ಬ್ರಿಟನ್ನಿನ ಒಂಟಿ ಜೇನುಗಳಿಗೂ ಕುಟುಂಬ ಮಾಡ್ಕೊಂಡಿರೋ ಜೇನುಗಳಿಗೂ ಮಧ್ಯೆ ಅಂಥ ವ್ಯತ್ಯಾಸ ಕಾಣ್ಲಿಲ್ಲ, ಆದ್ರೆ ಉತ್ತರ ಅಮೆರಿಕದಲ್ಲಿ ಎರಡೂ ಗುಂಪು ಗಣನೀಯವಾಗಿ ಬೇರೆ ಆಗಿದ್ವು. ಹಾಗಾಗಿ ರಾಕಿ ಬೆಟ್ಟದ ಒಂಟಿತನದಲ್ಲಿ ಹವೆಯ ಜೊತೆ ವಂಶದ ಪಾಲೂ ಇರಬಹುದು ಅಂತ ಲೆಕ್ಕ.

ಮಗಳು ಮನೇಲಿ ಉಳೀತಾಳೋ ಹೊರಡ್ತಾಳೋ ಅನ್ನೋದು ಇನ್ನೂ ಸೂಕ್ಷ್ಮ. ಡಗ್ಲಸ್ ಯನೇಗ ಅನ್ನೋ ಕೀಟತಜ್ಞರು ನ್ಯೂಯಾರ್ಕ್ ರಾಜ್ಯದಲ್ಲಿ ಇವುಗಳನ್ನ ಗಮನಿಸಿ 1988ರಲ್ಲಿ ಬರೆದ ಪ್ರಕಾರ, ಅಲ್ಲಿ ಕುಟುಂಬ ಪದ್ಧತಿ ಇದ್ರೂ ಮೊದಲ ಕಂತಿನ ಎಲ್ಲಾ ಹೆಣ್ಣೂ ದುಡಿಯೋಕೆ ನಿಲ್ಲಲ್ಲ. ಹೊರಗೆ ಬಂದ ಹೊಸತರಲ್ಲೇ ಗಂಡು ಸಿಕ್ಕಿ ಕೂಡಿದ್ದು ಬೇಸಿಗೆ ಮಧ್ಯದಲ್ಲೇ ಮಾಯ, ಮುಂದಿನ ವಸಂತಕ್ಕೆ ತಾನೇ ತಾಯಿಯಾಗಿ ಬರತ್ತೆ. ಗಂಡು ಸಿಗದೇ ಇದ್ದದ್ದು ಅಮ್ಮನ ಮನೇಲಿ ಉಳಿದು ದುಡಿಯತ್ತೆ. ಬೆಟ್ಟದ ಮೇಲಿನ ಒಂದೇ ಕಂತಲ್ಲಿ ಗಂಡುಗಳೂ ಇರೋದ್ರಿಂದ ಹೆಣ್ಣುಗಳಿಗೆ ಹೊರಡೋಕೆ ಅಡ್ಡಿ ಇಲ್ಲ.

ಬೀದಿಯಲ್ಲಿ ಕಳ್ಳರು

ಒಂಟಿ ತಾಯಿಯ ದೊಡ್ಡ ತಾಪತ್ರಯ ಇದು, ಪರಾಗ ತರೋಕೆ ಹೋದ್ರೆ ಮನೆ ಕಾಯೋರಿಲ್ಲ. ಕೆಳಗಿನ ಊರಲ್ಲಾದ್ರೆ ಒಬ್ಬ ಮಗಳು ತೂತಿಗೆ ಸರಿಯಾಗಿ ತಲೆ ಅಡ್ಡ ಇಟ್ಕೊಂಡು ಕೂತಿರ್ತಾಳೆ.

ಸ್ಫೆಕೋಡಿಸ್ ಅನ್ನೋ ಇನ್ನೊಂದು ಬೆವರು ಜೇನಿನ ಗುಂಪಿದೆ, ಹೊಟ್ಟೆ ರಕ್ತಗೆಂಪು, ಮೈ ಮೇಲೆ ಪರಾಗ ಹೊರೋ ಕೂದಲೇ ಇಲ್ಲ, ಯಾಕಂದ್ರೆ ಅದು ಜೀವಮಾನದಲ್ಲಿ ಮಕ್ಕಳಿಗೆ ಅಂತ ಪರಾಗ ತರಲ್ಲ. ಬೇರೆಯೋರ ಗೂಡಿಗೆ ನುಗ್ಗಿ, ಅಲ್ಲಿನ ಮೊಟ್ಟೆ ನಾಶ ಮಾಡಿ, ಆ ಬುತ್ತಿ ಮೇಲೆ ತನ್ನ ಮೊಟ್ಟೆ ಇಟ್ಟು ಹೋಗತ್ತೆ. ಕೋಗಿಲೆ ಕಾಗೆ ಗೂಡಲ್ಲಿ ಮಾಡೋ ಕೆಲಸಕ್ಕೆ ಹತ್ತಿರದ್ದು. ಇನ್ನು ಕೆಲವು ನೊಣಗಳು ಪರಾಗ ಹೊತ್ತು ಬರೋ ಜೇನಿನ ಹಿಂದೇನೇ, ಮೋಟರ್‌ಬೈಕ್ ಹಿಂಬಾಲಿಸಿದ ಹಾಗೆ ಒಂದೇ ಅಂತರದಲ್ಲಿ ಹಾರಿ ಬಂದು, ಗೂಡಿನ ಬಾಗಿಲು ತಿಳ್ಕೊಂಡು, ತಾಯಿ ಹೊರಟ ಮೇಲೆ ಒಳಗೆ ಮೊಟ್ಟೆ ಇಡ್ತಾವೆ. ಗೂಡು ಬೀದಿ ಹತ್ರ ಸುಮ್ನೆ ಹತ್ತು ನಿಮಿಷ ಕೂತ್ರೆ ಈ ಹಿಂಬಾಲಕರು ಬರಿಗಣ್ಣಿಗೇ ಕಾಣ್ತಾರೆ. ಇರುವೆ ಕಾಟ ಬೇರೆ.

ಹಿಮದಡಿಯ ಆರೇಳು ತಿಂಗಳು

ಬೇಸಿಗೆ ಮುಗಿಯೋಷ್ಟರಲ್ಲಿ ಹಳೇ ತಾಯಿ ಸತ್ತಿರತ್ತೆ, ಗಂಡುಗಳೂ ಚಳಿಗೆ ಮುಂಚೆ ಸಾಯ್ತಾವೆ. ಉಳಿಯೋದು ಕೂಡಿದ ಹೊಸ ಹೆಣ್ಣುಗಳು ಮಾತ್ರ. ಅವು ಮಣ್ಣೊಳಗೆ ಸೇರಿ ಉಸಿರು, ಓಡಾಟ ಎಲ್ಲಾ ತಗ್ಗಿಸಿ ಮಲಗ್ತಾವೆ. ಮೇಲೆ ಮೀಟರ್‌ಗಟ್ಟಲೆ ಹಿಮ ಬಿದ್ದಿರೋದು ಕೇಳೋಕೆ ಭಯ, ಆದ್ರೆ ಹಿಮ ಒಂಥರಾ ಕಂಬಳಿ. ಹೊರಗೆ ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗಿದ್ರೂ ದಪ್ಪ ಹಿಮದಡಿ ನೆಲ ಸೊನ್ನೆಯ ಆಸುಪಾಸಲ್ಲೇ ಇರತ್ತೆ.

ಹಾಗಾದ್ರೆ ಬಿಸಿನೀರು?

ಬೇಡ. ತೂತುಗಳಿಂದ ಮನೆ ಅಡಿಪಾಯಕ್ಕೆ ತೊಂದ್ರೆ ಇಲ್ಲ, ಹೆಜ್ಜೇನಿನ ಥರ ಗುಂಪಾಗಿ ಅಟ್ಟಿಸಿಕೊಂಡು ಬರೋ ಸ್ವಭಾವವೂ ಇಲ್ಲ. ಬರಿಗಾಲಲ್ಲಿ ಓಡಾಡೋ ಮಕ್ಕಳಿಗೆ ಚಪ್ಪಲಿ ಹಾಕಿದ್ರೆ ಸಾಕು. ಗೂಡಿನ ಗಲಾಟೆಯೂ ಕೆಲವೇ ವಾರ, ಆಮೇಲೆ ತಾನಾಗೇ ತಣ್ಣಗಾಗತ್ತೆ.

ಬೆಂಗಳೂರಲ್ಲೋ ಧಾರವಾಡದಲ್ಲೋ ಕೂತು ಇದನ್ನ ಓದ್ತಿರೋರಿಗೆ ಒಂದು ಮಾತು. ಈ ಜಾತಿ ನಮ್ಮ ಕಡೇದಲ್ಲ, ಆದ್ರೆ ಇದರ ದಾಯಾದಿಗಳಾದ ಬೇರೆ ಬೆವರು ಜೇನುಗಳು ನಮ್ಮ ಹಿತ್ತಲಲ್ಲೂ ನೆಲ ತೋಡ್ತಾವೆ. ಬದನೆ ಹೂವಿನ ಪರಾಗ ಒಂದು ಪುಟ್ಟ ಕೊಳವೆ ಒಳಗಿರತ್ತೆ, ತುದೀಲಿ ಸಣ್ಣ ರಂಧ್ರ, ಉಪ್ಪಿನ ಡಬ್ಬಿ ಅಲ್ಲಾಡಿಸಿದ ಹಾಗೆ ಅಲ್ಲಾಡಿಸಿದ್ರೇನೇ ಪರಾಗ ಉದುರೋದು. ನಮ್ಮ ತುಡುವೆ ಜೇನಿಗೆ ಆ ವಿದ್ಯೆ ಗೊತ್ತಿಲ್ಲ. ನೆಲದಲ್ಲಿರೋ ಕೆಲವು ಬೆವರು ಜೇನುಗಳು, ನೀಲಿ ಪಟ್ಟಿ ಜೇನು ಇಂಥವು ಹೂವನ್ನ ತಬ್ಬಿ ಹಿಡಿದು ಗುಂಯ್ ಅಂತ ಮೈ ನಡುಗಿಸಿ ಉದುರಿಸ್ತಾವೆ. ಅಂಗಳಕ್ಕೆಲ್ಲಾ ಸಿಮೆಂಟ್ ಹಾಕ್ಸಿ, ಬದನೆ ಗಿಡದಲ್ಲಿ ಹೂ ಬಿಡತ್ತೆ ಕಾಯಿ ಕಟ್ಟಲ್ಲ ಅನ್ನೋರು ಈ ಕಡೇನೂ ಒಂದ್ಸಲ ನೋಡಬಹುದು.

ಇಷ್ಟು ಬರೆದು ಕಳಿಸಿದ್ದಕ್ಕೆ ಅಕ್ಕನ ಮಗಳಿಂದ ಬಂದ ಉತ್ತರ ಒಂದು ಹೆಬ್ಬೆರಳು. ಮಾರನೇ ದಿನ ವಿಡಿಯೋ ಬಂತು. ಚಿಕ್ಕೋನು ತೊರೆಯಿಂದ ಒಂದು ಚಪ್ಪಟೆ ಕಲ್ಲು ಹೊತ್ತು ತಂದು ಮೆಟ್ಟಿಲ ಪಕ್ಕ ಖಾಲಿ ಮಣ್ಣಲ್ಲಿ ಇಟ್ಟು, ಮಂಡಿ ಊರಿ ಕೂತು ಕಾಯ್ತಿದಾನೆ. ಊರಿಗೆ ಹೊರಡೋ ದಿನ ಎತ್ತಿ ನೋಡಿದ್ನಂತೆ, ಅಡಿಯಲ್ಲಿ ಎರಡು ಇರುವೆ. ಫೋನಲ್ಲಿ ಅಳುಮೋರೆ. ಹೊಸ ಗೂಡು ಶುರುವಾಗೋದು ಹಿಮ ಕರಗಿದ ಮೇಲೇನೇ ಕಣೋ, ಮುಂದಿನ ಮೇನೋ ಜೂನೋ ಅಂದೆ. "ಹಾಗಿದ್ರೆ ಕಲ್ಲು ಅಲ್ಲೇ ಇರ್ಲಿ" ಅಂದು ಫೋನ್ ಅವ್ರಮ್ಮನ ಕೈಗೆ ಕೊಟ್ಟ.